ಕಾಕಾನ ರೈಲಿನ ನೆಲ

ಹೂಕುಂಡಕ್ಕೆ ನೀರು ಹಾಕುವ ಮೊದಲು ನಾನು ಅದರ ಸುತ್ತ ಒಂದು ಸುತ್ತು ಬರುತ್ತೇನೆ. ಮನೆಗೆ ಹೊಸದಾಗಿ ಬಂದವರು ಇದನ್ನು ಭಕ್ತಿ ಎಂದುಕೊಳ್ಳುತ್ತಾರೆ. ಹಳಬರಿಗೆ ಗೊತ್ತು, ನಾನು ವಾಯರು ಹುಡುಕುತ್ತಿದ್ದೇನೆ. ಕುಂಡ ಅಂಗಳದ ನಟ್ಟನಡುವೆ ಇದೆ, ಹತ್ತಿರದಲ್ಲಿ ದೀಪದ ಕಂಬ ಕೂಡ ಇಲ್ಲ. ಆದರೂ ತಂಬಿಗೆ ಕೈಗೆ ಬಂತೆಂದರೆ ನನ್ನ ಕಣ್ಣು ಗೋಡೆಯ ಕಡೆ ಓಡುತ್ತದೆ. ಹೆಂಡತಿ ಒಳಗಿನಿಂದಲೇ "ಸಿಕ್ತೇನ್ರಿ ಕರೆಂಟು?" ಎಂದು ಕೇಳುತ್ತಾಳೆ. ಇಲ್ಲವೆಂದು ಹೇಳಿ ನೀರು ಹಾಕುತ್ತೇನೆ.

ಈ ಚಾಳಿ ನನಗೆ ಅಂಟಿಕೊಂಡದ್ದು ಸೊಲ್ಲಾಪುರದಲ್ಲಿ, ಒಂದು ನವರಾತ್ರಿಯಲ್ಲಿ, ನನ್ನ ಕಾಕುವಿನ ಜೀವ ಹೋಗಿ ಬಂದ ದಿನ. ಕಾಕು ಉಳಿದಳು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಉಸಿರು ಬಿಗಿಹಿಡಿದು ಓದುವುದು ಬೇಡ. ಆ ಕೆಲಸವನ್ನು ಇಷ್ಟು ವರ್ಷ ನಾನೊಬ್ಬನೇ ಮಾಡುತ್ತ ಬಂದಿದ್ದೇನೆ, ಸಾಕು.

ಐವತ್ತರ ದಶಕದ ಮಾತು. ನಾನು ಅಕ್ಕಲಕೋಟದವನು. ಸೊಲ್ಲಾಪುರದ ಕಾಲೇಜಿನಲ್ಲಿ ಫಿಜಿಕ್ಸ್ ಓದುತ್ತ ಕಾಕಾನ ಮನೆಯಲ್ಲಿ ಇದ್ದೆ. ಕಾಕಾ ಎಂದರೆ ನನ್ನ ತಂದೆಯ ತಮ್ಮ, ಪ್ಯಾಸೆಂಜರ್ ಗಾಡಿಯ ಗಾರ್ಡು. ಕಾಕು ಅವರ ಹೆಂಡತಿ. ಒಬ್ಬಳೇ ಮಗಳು ಮದುವೆಯಾಗಿ ಹೋಗಿದ್ದಳು. ಆಕೆಯ ಮಂಚ ಇದ್ದ ಜಾಗದಲ್ಲಿ ಕಾಕಾ ಒಂದು ದೊಡ್ಡ ಮೇಜು ಹಾಕಿ ಅದರ ಮೇಲೆ ರೈಲು ಹೂಡಿದ್ದರು. ತನ್ನ ದೇಶಕ್ಕೆ ಹೊರಟ ಬಿಳಿಯ ಫೋರ್‌ಮನ್ ಒಬ್ಬ ಸಾಮಾನೆಲ್ಲ ಹಂಚಿ ಹೋಗುವಾಗ ಕೊಟ್ಟದ್ದು ಅದು. ಕಪ್ಪು ಎಂಜಿನ್, ಮೂರು ಡಬ್ಬಿ, ದುಂಡಗೆ ಜೋಡಿಸುವ ಹಳಿ. ಗೋಡೆಯ ಕರೆಂಟನ್ನು ಆಟಿಗೆಗೆ ತಕ್ಕಷ್ಟು ಇಳಿಸಿ ಹಳಿಗೆ ಕೊಡುವ ಪೆಟ್ಟಿಗೆ ಮಾತ್ರ ಎಂದೋ ಸುಟ್ಟುಹೋಗಿತ್ತು. ಪೇಟೆಯ ರೇಡಿಯೋ ರಿಪೇರಿಯವನೊಬ್ಬ ಹೊಸದೊಂದನ್ನು ಮಾಡಿಕೊಟ್ಟಿದ್ದ. ತಗಡಿನ ಪೆಟ್ಟಿಗೆ, ಮೇಲೊಂದು ತಿರುಗಿಸುವ ಕರೀ ಗುಬುಟು, ಒಳಗಿನಿಂದ ಗುಂಯ್ ಎನ್ನುವ ಸದ್ದು. ಆ ಸದ್ದು ಕಾಕಾನಿಗೆ ಬಹಳ ಹಿತವಾಗಿತ್ತು. ಗಾಡಿಗೆ ಜೀವ ಬಂದ ಹಾಗೆ ಅನ್ನಿಸುತ್ತದೆ ಎನ್ನುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ ಎಂಜಿನ್ನಿಗೆ ಎಣ್ಣೆ ಹಾಕುತ್ತ, ಡಬ್ಬಿಗೆ ಬಣ್ಣ ಹಚ್ಚುತ್ತ ಸುಖವಾಗಿ ಇರುತ್ತಿದ್ದರು. ಕಾಕಾನಿಗೆ ಗಾಡಿಯ ಚಿಂತೆಯೇ ಇರಲಿಲ್ಲ. ಅವರ ಚಿಂತೆಯೆಲ್ಲ ನೆಲದ್ದು. ಹಳಿಯ ಎರಡೂ ಪಕ್ಕದ ನೆಲ ನಮ್ಮ ಕಡೆಯ ನೆಲದ ಹಾಗೆಯೇ ಕಾಣಬೇಕು. ಯಾಕೆ ಎಂದು ನಾನು ಕೇಳಿದೆ. ಡ್ರೈವರನಿಗೆ ಮುಂದಿನ ಸಿಗ್ನಲ್ ಕಾಣುತ್ತದೆ, ಕಡೇ ಡಬ್ಬಿಯಲ್ಲಿ ಕೂತ ಗಾರ್ಡಿಗೆ ಹಿಂದೆ ಉಳಿಯುವ ನೆಲ ಕಾಣುತ್ತದೆ, ಇಷ್ಟು ವರ್ಷ ನಾನು ನೋಡಿದ್ದು ಅದನ್ನೇ ಅಲ್ಲವೇ ಎಂದರು. ಎಲ್ಲಿ ಕರ್ಕಿ ಹುಲ್ಲು ಮುಗಿದು ಮುಳ್ಳು ಸುರುವಾಗುತ್ತದೆ, ಎಲ್ಲಿ ಕರೀ ಎರೆಮಣ್ಣಿನ ನಡುವೆ ಮೊರಮಿನ ಕೆಂಪು ಗರಸು ಇಣುಕುತ್ತದೆ, ಎಲ್ಲ ಬಾಯಿಪಾಠ.

ಮೊದಲ ಪ್ರಯತ್ನ ಮರದ ಹೊಟ್ಟಿನದು. ಬಡಗಿಯ ಅಂಗಡಿಯಿಂದ ಹೊಟ್ಟು ತಂದು, ಚಾದರದ ನೂಲಿಗೆ ಹಾಕುವ ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿದರು. ಸೊಲ್ಲಾಪುರದ ಬಣ್ಣ ಎಂದರೆ ಕೇಳಬೇಕೆ, ಎಷ್ಟು ಒಗೆದರೂ ಹೋಗದಂಥದ್ದು. ಹೊಟ್ಟು ಗಿಳಿಯ ಬಣ್ಣಕ್ಕೆ ತಿರುಗಿತು. ಕಾಕಾನ ಕೈಯೂ ತಿರುಗಿತು. ಅದೇ ಕೈಯಲ್ಲಿ ಅವರು ಹಸಿರು ಬಾವುಟ ತೋರಿಸುವಾಗ ಕೈ ಯಾವುದು, ಬಾವುಟ ಯಾವುದು ಎಂದು ಡ್ರೈವರ್ ಕೇಳಿದನಂತೆ. ಆಮೇಲೆ ಕುದಿಸಿ ಒಣಗಿಸಿದ ಚಹಾಪುಡಿ ಬಂತು. ಅದು ಹೊಲದ ಹಾಗೆ ಕಾಣುವ ಮೊದಲೇ ಇರುವೆ ಬಂದವು, ಕಾಕು ಸಕ್ಕರೆ ಹಾಕಿಯೇ ಕುದಿಸುತ್ತಿದ್ದಳಲ್ಲ. ಗೋಣಿಯ ಎಳೆ ಕತ್ತರಿಸಿ ಒಣಹುಲ್ಲು ಮಾಡಿದರು, ಗಿರಣಿಯ ಹತ್ತಿಯ ಕಸದಿಂದ ಜಾಲಿಗಿಡ ಮಾಡಿದರು. ಒಂದೊಂದೂ ನೋಡಲು ಚೆನ್ನಾಗಿಯೇ ಇತ್ತು. ಕಾಕಾ ಮಾತ್ರ ಕಣ್ಣನ್ನು ಮೇಜಿನ ಅಂಚಿಗೆ ತಂದು, ಒಂದು ಕಣ್ಣು ಮುಚ್ಚಿ ನೋಡಿ, ಇದು ಯಾವ ದೇಶದ್ದೋ ಎಂದು ಎದ್ದುಬಿಡುತ್ತಿದ್ದರು.

ಒಂದು ರಜೆಯ ದಿನ ನನ್ನನ್ನೂ ಕರೆದುಕೊಂಡು ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ ಹೋದರು. ನಾನು ಊರಿಗೆ ಹೋಗಿ ಅವ್ವನ ಕೈಯ ರೊಟ್ಟಿ ತಿಂದು ಬರಬಹುದು ಎಂದು ಖುಷಿಯಾಗಿದ್ದೆ. ಊರ ಕಡೆ ಹೊರಡುವುದಿರಲಿ, ಪ್ಲಾಟ್‌ಫಾರಂ ಮುಗಿದಲ್ಲಿಯೇ ಕಾಕಾ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಮಣ್ಣು ತಿಕ್ಕಿ ನೋಡಿದರು, ಹುಲ್ಲು ಬುಡದ ಸಮೇತ ಕಿತ್ತರು, ಹಳಿಯ ಬದಿಯ ಖಡಿಕಲ್ಲು ಆರಿಸಿದರು. ಸ್ಟೇಷನ್ ಮಾಸ್ತರರು ಬಂದು ಬಗ್ಗಿ ನೋಡಿದರು.

"ಏನ್ ಕಳಕೊಂಡೀರಿ ಗಾರ್ಡ್ ಸಾಹೇಬ್ರ?"

"ಏನೂ ಕಳಕೊಂಡಿಲ್ರಿ. ಹುಲ್ಲು ನೋಡಾಕತ್ತೀನಿ."

ಮಾಸ್ತರರು ನನ್ನ ಮುಖ ನೋಡಿದರು. ನಾನು ದೂರದ ಸಿಗ್ನಲ್ ನೋಡಿದೆ.

ಅಲ್ಲಿಂದ ಕಲಿತ ಪಾಠ, ನೆಲವನ್ನು ನೆಲದಿಂದಲೇ ಮಾಡಬೇಕು. ಊರ ಹತ್ತಿರ ಚಪಳಗಾಂವದಲ್ಲಿದ್ದ ನಮ್ಮ ಹೊಲದ ಎರೆಮಣ್ಣು ಬಂತು. ನನಗೆ ಆ ಮಣ್ಣು ಎಂದರೆ ಅಜ್ಜಿಯ ನೆನಪು. ಚಿಕ್ಕಂದಿನಲ್ಲಿ ಅದನ್ನು ನೆನೆಹಾಕಿ ನನ್ನ ತಲೆಗೆ ಮೆತ್ತಿ ಎರೆಯುತ್ತಿದ್ದಳು. ಕಣ್ಣಿಗೆ ಇಳಿದರೆ ನಾನು ಊರು ಕೇಳುವಂತೆ ಅಳುತ್ತಿದ್ದೆ, ಆಮೇಲೆ ಕೂದಲು ರೇಶಿಮೆಯಾಗುತ್ತಿತ್ತು. ಈಗ ಕೂದಲೂ ಇಲ್ಲ, ಇರಲಿ. ಕಾಕಾ ಆ ಮಣ್ಣನ್ನು ತೆಳ್ಳನೆಯ ಬಟ್ಟೆಯಲ್ಲಿ ಸೋಸಿದರು. ಮೇಜು ಕೆಡಬಾರದು ಎಂದು ಹಳಿಯ ಕೆಳಗೆ ಮನೆಯ ಮೇಲೆ ಹೊದಿಸುವಂಥ ತಗಡು ಹಾಸಿ, ಮಣ್ಣನ್ನು ಜಾಲಿ ಅಂಟಿನ ನೀರಲ್ಲಿ ಕಲಸಿ ಅದರ ಮೇಲೆ ಹರವಿದರು. ಒಣಗಿದಾಗ ಅದು ತಾನಾಗಿಯೇ ಬಿರಿಯಿತು. ಬೇಸಿಗೆಯ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ಇರುತ್ತವಲ್ಲ, ಅವೇ, ಇಲ್ಲಿ ಸೂಜಿ ಸಿಕ್ಕಿಕೊಳ್ಳುವಷ್ಟು. ಕಾಕಾ ಮೇಜಿನ ಅಂಚಿಗೆ ಕಣ್ಣಿಟ್ಟು ನೋಡಿದರು, ಏಳಲೇ ಇಲ್ಲ. ಚಹಾ ಆರಿಹೋಯಿತು.

ಅರ್ಧ ಮೇಜಿನ ಕೆಲಸ ಉಳಿದಿತ್ತು. ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಕಡೆಯ ಮನೆಗಳಲ್ಲಿ ಪಾಡ್ಯದ ದಿನ ಘಟ ಕೂಡಿಸುತ್ತಾರೆ. ಹೊಲದ ಮಣ್ಣು ತಂದು, ಅದರಲ್ಲಿ ಗೋಧಿ, ಜೋಳ, ಸಾಸಿವೆ ಹೀಗೆ ಕಾಳು ಕಲಸಿ, ದೇವರ ಮುಂದೆ ಹರವಿ ನಡುವೆ ನೀರಿನ ಗಡಿಗೆ ಇಡುತ್ತಾರೆ. ದಿನಾ ನೀರು ಚಿಮುಕಿಸಿದರೆ ದಸರೆಯ ಹೊತ್ತಿಗೆ ಗೇಣುದ್ದ ಸಸಿ. ಅಲ್ಲಿಯ ತನಕ ಅದು ಒಣಗಕೂಡದು, ಯಾರೂ ಅದಕ್ಕೆ ಕೈ ಹಚ್ಚಕೂಡದು. ಘಟಕ್ಕೆ ಹರವಿ ಉಳಿದ ಕಾಳು ಕಲಸಿದ ಮಣ್ಣನ್ನು ಕಾಕು ಒಂದು ಡಬ್ಬಿಯಲ್ಲಿ ತುಂಬಿ ಪಡಸಾಲೆಯಲ್ಲಿ ಇಟ್ಟಿದ್ದಳು. ಕಾಕಾ ಡ್ಯೂಟಿ ಮುಗಿಸಿ ಬಂದವರು ಅದು ತಮ್ಮ ಸೋಸಿದ ಮಣ್ಣಿನ ಡಬ್ಬಿ ಎಂದುಕೊಂಡರು. ಉಳಿದ ಅರ್ಧ ಮೇಜಿಗೆ ಅದನ್ನೇ ಕಲಸಿ ಹರವಿ, ನಿಧಾನವಾಗಿ ಒಣಗಲಿ ಎಂದು ಹಸಿ ಗೋಣಿ ಮುಚ್ಚಿ ಮತ್ತೆ ಡ್ಯೂಟಿಗೆ ಹೋದರು.

ತಿರುಗಿ ಬಂದು ಗೋಣಿ ಎತ್ತಿದಾಗ ಕೆಳಗೆ ಮೊಳಕೆ ಬೆಳ್ಳಗೆ ಎದ್ದಿದ್ದವು. ಬಿಸಿಲು ತಾಗಿದ ಕೂಡಲೇ ಹಸಿರಾದವು. ಹಳಿಯ ಪಕ್ಕದಲ್ಲಿ ಮಳೆ ಬಿದ್ದ ಮರುವಾರದ ಜೋಳದ ಹೊಲ! ಕಾಕಾ ನನ್ನನ್ನು ಕೂಗಿ ಕೈ ಮಾಡಿ ತೋರಿಸಿದರು. ಕಾಕುವೂ ಹಿಟ್ಟಿನ ಕೈಯಲ್ಲೇ ಬಂದಳು. ಆಕೆಗೆ ಕಂಡದ್ದು ಬೇರೆಯೇ. ಸೆರಗು ತಲೆಯ ಮೇಲೆ ಎಳೆದುಕೊಂಡು ಮೇಜಿಗೆ ಕೈ ಮುಗಿದಳು.

ಕಾಕಾ ಸಸಿಗಳನ್ನು ಸ್ವಲ್ಪ ಕತ್ತರಿಸಿ ಸಮ ಮಾಡಬೇಕು ಎಂದು ಕತ್ತರಿ ಹುಡುಕುತ್ತಿದ್ದರು.

"ಇದಕ್ಕ ಕತ್ತರಿ ತಾಗಿಸಬ್ಯಾಡ್ರಿ ಮತ್ತ. ಘಟ ಕುಂತೈತಿ" ಎಂದಳು ಕಾಕು.

"ನಾ ಎಲ್ಲಿ ಕೂಡಿಸೀನಿ? ಡಬ್ಬಿ ತಪ್ಪಿ ಆಗೈತಿ."

"ನೀವು ಕೂಡಿಸಿಲ್ಲ, ತಾಯಿ ತಾನ ಬಂದು ಕುಂತಾಳ. ಆಕಿಗೂ ಟಿಕೀಟ ಕೇಳ್ತೀರೇನು?"

ಗಾರ್ಡು ಟಿಕೀಟು ಕೇಳುವುದಿಲ್ಲ, ಅದು ಬೇರೆಯವರ ಕೆಲಸ ಎಂದು ಕಾಕಾ ಗೊಣಗಿದರು. ಆದರೆ ಕತ್ತರಿ ಒಳಗೆ ಹೋಯಿತು.

ಹೀಗೆ ಮನೆಯಲ್ಲಿ ಎರಡು ಘಟ ಆದವು. ಕಾಕು ದಿನಾ ಬೆಳಿಗ್ಗೆ ಮೈತೊಳೆದು ಹಸಿ ಸೀರೆಯಲ್ಲೇ ದೇವರಮನೆಯ ಘಟಕ್ಕೆ ನೀರು ಚಿಮುಕಿಸಿ, ಆಮೇಲೆ ಅದೇ ತಾಮ್ರದ ತಂಬಿಗೆಯಿಂದ ರೈಲಿಗೂ ನೀರು ಹಾಕುತ್ತಿದ್ದಳು. ಸಿಗ್ನಲ್ ಕಂಬಕ್ಕೆ ಒಂದು ಚೆಂಡುಹೂ ಸಿಗಿಸಿದಳು. ಕಾಕಾ ಆಗ ಹಾಸಿಗೆಯಲ್ಲೋ ಡ್ಯೂಟಿಯಲ್ಲೋ ಇರುತ್ತಿದ್ದರು. ಮೇಜಿನ ಮೇಲೆ ಅವರ ಗಾಡಿ ಓಡುವುದು ಸಂಜೆ. ಬೆಳಗಿನ ದೇವಿಗೂ ಸಂಜೆಯ ಗಾಡಿಗೂ ಮುಖಾಮುಖಿ ಆಗುತ್ತಿರಲಿಲ್ಲ. ಸಸಿ ಮಾತ್ರ ಇಬ್ಬರ ಮಾತನ್ನೂ ಕೇಳದೆ ಬೆಳೆಯಿತು. ಮೊದಲು ಗಾಲಿ ಮುಳುಗಿದವು, ಆಮೇಲೆ ಕಿಟಕಿ, ಆಮೇಲೆ ಎಂಜಿನ್ನಿನ ಚಿಮಣಿ. ನಮ್ಮ ಬಯಲುಸೀಮೆಯ ಪ್ಯಾಸೆಂಜರು ಎಂದೂ ಕಾಣದ ಅಡವಿಯೊಳಗೆ ಹೊಕ್ಕು, ಎಲೆ ಅಲುಗಾಡಿಸುತ್ತ ಆಚೆ ಬದಿಯಲ್ಲಿ ಹೊರಬೀಳುತ್ತಿತ್ತು. ಕಾಕಾನಿಗೆ ಸಿಟ್ಟು ಬರಬೇಕಾಗಿತ್ತು. ಅವರು ಮರುಳಾಗಿ ಕೂತು ನೋಡುತ್ತಿದ್ದರು.

ಯಾರಿಗೂ ಗೊತ್ತಾಗದ ಸಂಗತಿ ಒಂದಿತ್ತು. ದಿನಾ ಹಾಕಿದ ನೀರು ಮಣ್ಣಿನ ಕೆಳಗಿನ ತಗಡಿನ ಮೇಲೆ ಹರಿದು, ಮೇಜಿನ ಮೂಲೆಯಲ್ಲಿ ಅದೇ ತಗಡಿನ ಮೇಲೆ ಕೂತಿದ್ದ ಕರೆಂಟಿನ ಪೆಟ್ಟಿಗೆಯೊಳಗೆ ಸೇರುತ್ತಿತ್ತು.

ಅಷ್ಟಮಿಯ ದಿನ ನಾನು ಚಳಿಜ್ವರ ಬಂದು ಪಡಸಾಲೆಯ ಮಂಚದ ಮೇಲೆ ದಪ್ಪ ಚಾದರ ಹೊದ್ದು ಮಲಗಿದ್ದೆ. ಮೇಜು ನನ್ನಿಂದ ನಾಲ್ಕು ಹೆಜ್ಜೆ. ಕಾಕಾ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದರು. ಕೋಟು ತೆಗೆದಿರಲಿಲ್ಲ, ಕೊರಳಲ್ಲಿ ಸೀಟಿ ಇನ್ನೂ ನೇತಾಡುತ್ತಿತ್ತು. ಕಿಟಕಿಯಿಂದ ಎಳೆಬಿಸಿಲು ಸಸಿಯ ಮೇಲೆ ಬಿದ್ದಿತ್ತು. ಅದನ್ನು ನೋಡಿ ಅವರಿಂದ ತಡೆಯಲಾಗಲಿಲ್ಲ. ಪ್ಲಗ್ ಹಾಕಿ, ಗುಬುಟು ತಿರುಗಿಸಿ, ಕಟ್ಟಿಗೆಯ ಸ್ಟೂಲಿನ ಮೇಲೆ ಕೂತು ಕಣ್ಣನ್ನು ಮೇಜಿನ ಅಂಚಿಗೆ ತಂದರು. ಬಿಸಿಲಿನಲ್ಲಿ ಗಾಡಿ ಬರುವುದು ಕಾಣಬೇಕಾಗಿತ್ತು. ಸಸಿಯ ಆಚೆ ಬದಿಯಲ್ಲಿ ಏನಾಗುತ್ತಿದೆ ಎಂದು ಆ ಎತ್ತರದಿಂದ ಅವರಿಗೆ ಕಾಣುವಂತೆ ಇರಲಿಲ್ಲ.

ಆಚೆ ಬದಿಯಲ್ಲಿ ಕಾಕು ತಂಬಿಗೆ ಹಿಡಿದು ಬಂದಳು. ಹಸಿ ಸೀರೆ, ಬರಿಗಾಲು, ಕೆಳಗೆ ಶಹಾಬಾದಿ ಕಲ್ಲಿನ ಫರಸಿ, ಫರಸಿಯ ಮೇಲೆ ಸೀರೆಯಿಂದ ಸೋರಿದ ನೀರು. ನಾನು ಪರೀಕ್ಷೆಯಲ್ಲಿ ವಿದ್ಯುತ್ತಿನ ಪಾಠಕ್ಕೆ ಒಳ್ಳೆಯ ಅಂಕ ತೆಗೆದವನು. ಮಂಚದ ಮೇಲೆ ಮಲಗಿ ಈ ನಾಲ್ಕನ್ನೂ ನೋಡಿದೆ. ನೋಡಿ, ಕಾಕುವಿಗೆ ಚಳಿ ಆಗುವುದಿಲ್ಲವೇ ಎಂದು ಯೋಚಿಸಿದೆ.

ಆಕೆ ಎಡಗೈಯನ್ನು ಮಣ್ಣಿನ ಅಂಚಿಗೆ ಊರಿ ಬಲಗೈಯಿಂದ ನೀರು ಹನಿಸಿದಳು. ತಂಬಿಗೆ ಹಳಿಗೆ ತಾಗಿತು. ಅಷ್ಟೇ. ಕೂಗಲಿಲ್ಲ, ಬೀಳಲೂ ಇಲ್ಲ. ನೆಟ್ಟಗೆ ನಿಂತಳು. ಮುಖ ಒಂದು ಪಕ್ಕಕ್ಕೆ ಎಳೆದುಕೊಂಡಿತು. ಬಳೆ ಮಾತ್ರ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಗಾಡಿ ನಿಂತಿತು. ಈ ಬದಿಯಲ್ಲಿ ಕಾಕಾ, ಹಳಿಗೆ ಎಲೆ ಸಿಕ್ಕಿಕೊಂಡಿದೆ ಎಂದು ಎಂಜಿನ್ನನ್ನು ಬೈದರು. ಆಮೇಲೆ ತಲೆ ಎತ್ತಿದರು.

ಪ್ಲಗ್ ಅವರ ಮೊಣಕಾಲಿನ ಹತ್ತಿರವೇ ಇತ್ತು. ಕಾಕಾ ಪ್ಲಗ್ ಕಡೆ ನೋಡಲಿಲ್ಲ. ಅವರ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಸೀಟಿ ಬಾಯಿಗೆ ಬಂತು. ಊದಿದರು. ಏನಾದರೂ ಅನಾಹುತ ಆದಾಗ ಇಷ್ಟು ವರ್ಷ ಅವರು ಮೊದಲು ಮಾಡುತ್ತಿದ್ದುದು ಅದನ್ನೇ. ಪಡಸಾಲೆಯೆಲ್ಲ ತುಂಬಿ, ಓಣಿಯ ನಾಯಿಗಳು ಎದ್ದು ಬೊಗಳುವ ಹಾಗೆ ಊದಿದರು. ಊದುತ್ತಲೇ ಇದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಸೀಟಿ ಬಾಯಿಂದ ಬೀಳುತ್ತಿರಲಿಲ್ಲ.

ಆ ಸೀಟಿಗೆ ನಾನು ಎದ್ದೆ. ನಾನು ಬುದ್ಧಿವಂತಿಕೆಯಿಂದ ಚಾದರ ತೆಗೆದುಕೊಂಡೆ ಎಂದು ಊರಲ್ಲಿ ಆಮೇಲೆ ಹೇಳಿದರು, ನಾನೂ ಬೇಡ ಎನ್ನಲಿಲ್ಲ. ನಿಜ ಏನೆಂದರೆ ಜ್ವರದ ಚಳಿಗೆ ಚಾದರ ಬಿಡಲು ಮನಸ್ಸಾಗಲಿಲ್ಲ, ಅದು ನನ್ನ ಜೊತೆಗೇ ಬಂತು. ಆಕೆಯ ಹತ್ತಿರ ಹೋದಾಗ ಮಾತ್ರ ಕೈ ಹಚ್ಚಬಾರದು ಎನ್ನುವುದೊಂದು ತಲೆಯಲ್ಲಿ ಹೊಳೆಯಿತು. ಚಾದರವನ್ನು ಮುದ್ದೆಯಾಗಿದ್ದ ಹಾಗೆಯೇ ಆಕೆಯ ಸೊಂಟಕ್ಕೆ ಬಳಸಿ ಹಿಂದಕ್ಕೆ ಜಗ್ಗಿದೆ. ಬರಲಿಲ್ಲ. ಮತ್ತೆ ಜಗ್ಗಿದೆ. ಇಬ್ಬರೂ ಹೋಗಿ ಮಂಚದ ಮೇಲೆ ಬಿದ್ದೆವು. ತಂಬಿಗೆ ಉರುಳುತ್ತ ಬಾಗಿಲ ತನಕ ಹೋಯಿತು. ಆಗ ಕಾಕಾ ಪ್ಲಗ್ ಕಿತ್ತರು.

ಈ ಜಾಗಕ್ಕೆ ನಾನು ಎಷ್ಟು ಸಲ ತಿರುಗಿ ಹೋಗಿದ್ದೇನೋ! ಊಟಕ್ಕೆ ಕೂತಾಗ, ಬಸ್ಸಿಗೆ ಕಾಯುವಾಗ, ಕ್ಲಾಸಿನಲ್ಲಿ ಪಾಠ ಹೇಳುವಾಗ ನಡುವೆಯೇ. ಪ್ರತಿ ಸಲವೂ ಮಂಚಕ್ಕೂ ಮೇಜಿಗೂ ನಡುವಿನ ಜಾಗ ಉದ್ದವಾಗುತ್ತದೆ. ಕೆಲವು ಸಲ ಜ್ವರ ಬಿಟ್ಟು ನಾನು ಕಾಲೇಜಿಗೆ ಹೋಗಿರುತ್ತೇನೆ, ಮಂಚ ಖಾಲಿ ಇರುತ್ತದೆ. ಕೆಲವು ಸಲ ಚಾದರ ಒಗೆದು ಹಾಕಿರುತ್ತಾರೆ, ಅದು ಹಸಿಯಾಗಿರುತ್ತದೆ. ನನಗೆ ಬೆವರು ಬರುತ್ತದೆ. ಆಮೇಲೆ ಕಾಕು ಉಳಿದಳಲ್ಲ ಎಂದು ನೆನಪಾಗುತ್ತದೆ. ಹೊಸ ಸುದ್ದಿ ಕೇಳಿದವನ ಹಾಗೆ ಮತ್ತೊಮ್ಮೆ ಹಗುರಾಗುತ್ತೇನೆ.

ಮಂಚದ ಮೇಲೆ ಆಕೆಗೆ ಮೊದಲು ಉಸಿರಿರಲಿಲ್ಲ. ಅಥವಾ ಇತ್ತು, ನಮಗೆ ಕಾಣಲಿಲ್ಲ. ಕಾಕಾ ಅಂಗಾಲು ತಿಕ್ಕಿದರು, ನಾನು ಅಂಗೈ ತಿಕ್ಕಿದೆ. ಸೀಟಿ ಕೇಳಿ ಓಡಿ ಬಂದ ನೆರೆಯವರು ಡಾಕ್ಟರನ್ನು ಕರೆಯಲು ಹೋದರು. ಒಂದು ಸಲ ಎದೆ ಮೇಲೆದ್ದಿತು. ಇನ್ನೊಂದು ಸಲ ಎದ್ದಿತು. ಡಾಕ್ಟರು ಸೈಕಲ್ಲಿನಿಂದ ಇಳಿದು ಒಳಗೆ ಬರುವ ಹೊತ್ತಿಗೆ ಕಾಕು ಕಣ್ಣು ಬಿಟ್ಟಿದ್ದಳು. ಅಂಗೈ ಸುಟ್ಟು ಗೆರೆ ಎದ್ದಿತ್ತು. ಆಕೆ ಎಲ್ಲರ ಮುಖ ನೋಡಿದಳು, ಕಾಕಾನ ಮುಖದ ಮೇಲೆ ಕಣ್ಣು ನಿಲ್ಲಿಸಿದಳು.

"ಸೀಟಿ ಯಾಕ ಊದಿದ್ರಿ? ನಾ ಏನ್ ಗಾಡಿ ಏನು?"

ನನಗೆ ನಗು ಬಂತು. ನಿಲ್ಲಲೇ ಇಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಸುರಿಸುತ್ತ, ಹಲ್ಲು ಕಟಕಟ ಎನ್ನುವಂತೆ ನಕ್ಕೆ. ಡಾಕ್ಟರು ಮೊದಲು ನನ್ನ ನಾಡಿ ಹಿಡಿದು ನೋಡಿ, ಆಮೇಲೆ ಕಾಕುವಿನ ಕಡೆ ತಿರುಗಿದರು. ಎದೆ ನೋಡಿದರು, ಕಣ್ಣು ನೋಡಿದರು, ಏನೂ ಭಯವಿಲ್ಲ, ಕೈಗೆ ಪಟ್ಟಿ ಕಟ್ಟುತ್ತೇನೆ, ನಾಲ್ಕು ದಿನ ಕೆಲಸ ಮಾಡಿಸಬೇಡಿ ಎಂದರು. ನಾಳೆ ನವಮಿ, ನಾಡಿದ್ದು ದಸರೆ, ಹೋಳಿಗೆ ಯಾರು ಮಾಡುತ್ತಾರೆ ಎಂದು ಕಾಕು ಡಾಕ್ಟರನ್ನೇ ಕೇಳಿದಳು. ಆಕೆ ಪೂರ್ತಿ ಉಳಿದಿದ್ದಾಳೆ ಎಂದು ನನಗೆ ಖಾತ್ರಿಯಾದದ್ದು ಆಗ.

ಕಾಕಾ ಅವತ್ತೇ ಇಕ್ಕಳ ತಂದು ವಾಯರು ಕತ್ತರಿಸಿದರು. ಪೆಟ್ಟಿಗೆಯನ್ನು ಎತ್ತಿ ಹೊರಗೆ ಹಾಕಿದರು. ಮೇಜನ್ನೂ ಹಾಕುವವರಿದ್ದರು. ಕಾಕು ಹಾಸಿಗೆಯಲ್ಲಿ ಕೂತು, ದಶಮಿಯ ತನಕ ಘಟ ಅಲುಗಾಡಿಸುವಂತಿಲ್ಲ ಎಂದು ಹೇಳಿದ್ದಕ್ಕೆ ಸುಮ್ಮನಾದರು. ಆದರೆ ಆ ಕಡೆ ತಿರುಗಿಯೂ ನೋಡಲಿಲ್ಲ. ಒಲೆಯ ಮುಂದೆ ಕೂತು ಅನ್ನ ಮುದ್ದೆ ಮಾಡಿದರು, ರೊಟ್ಟಿ ಕರಕಲು ಮಾಡಿದರು. ಕಾಕು ಹಾಸಿಗೆಯಿಂದಲೇ ಉಪ್ಪು ಎಷ್ಟು, ನೀರು ಎಷ್ಟು ಎಂದು ಹೇಳಿದರೆ ತಲೆ ಎತ್ತದೆ ಹಾಗೆಯೇ ಮಾಡುತ್ತಿದ್ದರು. ಮೇಜಿನ ಸಸಿಗೆ ನಾನೇ ನೀರು ಹಾಕಿದೆ. ವಾಯರು ಕತ್ತರಿಸಿದ್ದನ್ನು ಕಣ್ಣಾರೆ ನೋಡಿದ್ದರೂ ಮೊದಲು ಮೇಜಿನ ಸುತ್ತ ಒಂದು ಸುತ್ತು ಬಂದೆ.

ದಶಮಿಯ ಮಧ್ಯಾಹ್ನ ಕಾಕು ಎದ್ದು ಬಂದಳು. ದೇವರಮನೆಯ ಘಟ ಎಬ್ಬಿಸಿ ಮೇಜಿನ ಹತ್ತಿರ ನಿಂತಳು. ಬಲಗೈಗೆ ಪಟ್ಟಿ ಇತ್ತು, ಎಡಗೈಯಿಂದ ಸಸಿ ಕಿತ್ತಳು. ಒಂದು ಎಳೆ ಪ್ರಸಾದವೆಂದು ನನ್ನ ಕಿವಿಗೆ ಸಿಗಿಸಿದಳು. ಇನ್ನೊಂದನ್ನು ಕಾಕಾನ ಟೊಪ್ಪಿಗೆಗೆ ಸಿಗಿಸಲು ಹೋದರೆ ಅವರು ಮುಖ ತಗ್ಗಿಸಿ ನಿಂತುಬಿಟ್ಟರು. ಸಿಗಿಸಿ ಮುಗಿದರೂ ಮುಖ ಎತ್ತಲಿಲ್ಲ.

"ಇಷ್ಟ್ ದಿನಾ ಗಾಡಿ ಓಡಸಿದ್ರಿ. ನಾ ಒಂದಿನಾನೂ ನೋಡಿಲ್ಲ" ಎಂದಳು ಕಾಕು. "ಸಂಜೀಮುಂದ ಯಾವಾಗಲೂ ಒಲೀ ಮುಂದ ಇರ್ತಿದ್ದೆ."

ವಾಯರು ಕತ್ತರಿಸಿದ್ದೇನೆ, ಇನ್ನು ಅದು ಓಡುವುದಿಲ್ಲ ಎಂದರು ಕಾಕಾ.

"ಕೈಲೆ ದೂಡ್ರಿ."

ಕಾಕಾ ಮೇಜಿನ ಹತ್ತಿರ ಬಂದು ಕಡೇ ಡಬ್ಬಿಯ ಹಿಂದೆ ಬೆರಳಿಟ್ಟು ಮೆಲ್ಲಗೆ ದೂಡಿದರು. ಸಸಿ ಕಿತ್ತ ಕಡೆ ಕರೀ ನೆಲ ಕಾಣುತ್ತಿತ್ತು. ಅದರ ನಡುವೆ ಗಾಡಿ ಸಪ್ಪಳವಿಲ್ಲದೆ ಹೋಯಿತು. ಕಾಕು ಸ್ಟೂಲು ಎಳೆದು ಕೂತು ಅವರಂತೆಯೇ ಗಲ್ಲವನ್ನು ಮೇಜಿನ ಅಂಚಿಗೆ ಇಟ್ಟು ನೋಡಿದಳು. ಇದು ಯಾವ ಊರು ಎಂದು ಕೇಳಿದಳು. ಅಕ್ಕಲಕೋಟ ರೋಡ್ ಎಂದರು. ಮುಂದೆ ಯಾವುದು, ಮುಂದೆ ಯಾವುದು ಎಂದು ಕೇಳುತ್ತ ಹೋದಳು. ಕಾಕಾ ಒಂದೊಂದೇ ಸ್ಟೇಷನ್ ಹೇಳುತ್ತ ದೂಡಿದರು. ದುಧನಿ ಎಂದಾಗ ಆಕೆ ಪಟ್ಟಿ ಕಟ್ಟಿದ ಕೈಯನ್ನು ಗಾಡಿಯ ಮುಂದೆ ಅಡ್ಡ ಇಟ್ಟಳು. ದುಧನಿ ಆಕೆಯ ತವರು.

"ಇಲ್ಲಿ ಎಷ್ಟೊತ್ತು ನಿಂದರ್ತೈತಿ?"

ಜೀವಮಾನವೆಲ್ಲ ಒಂದು ನಿಮಿಷವೂ ಹೆಚ್ಚಿಗೆ ಗಾಡಿ ನಿಲ್ಲಿಸದ ಕಾಕಾ ಮೊದಲ ಸಲ ಮುಖ ಎತ್ತಿ ಆಕೆಯನ್ನು ನೋಡಿದರು.

"ನೀ ಹತ್ತೂತನಕ" ಎಂದರು.